ಅಟ್ಟದ ವಿಷಕ್ಕೆ ಬೀಗ ಇದೆಯೇ?

ಹೋದ ಆಷಾಢದ ಒಂದು ಬೆಳಿಗ್ಗೆ ಹಿಂಡಿ ತೆಗೆಯಲು ಕೊಟ್ಟಿಗೆಗೆ ಹೋದೆ. ಮೂಟೆಯ ಮೇಲೆ ನೀಲಿ ನೀರು ತೊಟ್ಟಿಕ್ಕುತ್ತಿತ್ತು. ಹೆಂಚು ಸೋರಿ, ಅಟ್ಟದಲ್ಲಿಟ್ಟ ಮೈಲುತುತ್ತಿನ ಚೀಲ ನೆನೆದಿತ್ತು. ಬಣ್ಣ ಇದ್ದದ್ದಕ್ಕೆ ಕಂಡಿತು. ಬಣ್ಣವಿಲ್ಲದ ವಿಷವಾಗಿದ್ದರೆ ಆ ಹಿಂಡಿಯನ್ನು ದನಕ್ಕೆ ಹಾಕಿಯೇ ಬಿಡುತ್ತಿದ್ದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹೆಚ್ಚಿನವರದ್ದು ಇದೇ ಕತೆ. ಕೊಳೆರೋಗಕ್ಕೆಂದು ಮಳೆಗೆ ಮೊದಲೇ ತುತ್ತು ತಂದಿಡುತ್ತೇವೆ. ಅದರ ಪಕ್ಕದಲ್ಲೇ ಕಾಫಿಗೆ ಹೊಡೆಯುವುದು, ಕಳೆನಾಶಕ, ಬೀಜದ ಭತ್ತ. ‘ಔಷಧಿ’ ಅಂತ ಕರೆದೂ ಕರೆದೂ ಅದು ವಿಷ ಅನ್ನೋದೇ ಮರೆತುಹೋಗಿದೆ.

ಅವತ್ತೇ ಟಾರ್ಚು ಹಿಡಿದು ಅಟ್ಟ ಹತ್ತಿದೆ. ಒಂಬತ್ತು ಬಾಟಲಿ ಸಿಕ್ಕವು. ಎರಡಕ್ಕೆ ಚೀಟಿಯೇ ಇಲ್ಲ; ಅದರಲ್ಲೊಂದು ಶರಬತ್ತಿನ ಬಾಟಲಿ! ಜೊತೆಗೆ ಕೆಂಪು ತ್ರಿಕೋನದ ಒಂದು ಪ್ಯಾಕೆಟ್ ಫೋರೇಟ್. 2020ರ ಕೊನೆಗೇ ನಿಷೇಧವಾದದ್ದು. ಈ ತ್ರಿಕೋನ ನೋಡಿಕೊಳ್ಳಿ: ಕೆಂಪು ಅತಿ ವಿಷ, ಹಳದಿ ಹೆಚ್ಚು, ನೀಲಿ ಮಧ್ಯಮ, ಹಸಿರು ಕಡಿಮೆ.

ಕೀಟನಾಶಕವನ್ನು ಬೇರೆ ಕೋಣೆಯಲ್ಲೋ, ಬೀಗ ಹಾಕಿದ ಕಪಾಟಿನಲ್ಲೋ ಇಡಬೇಕು. ಜಾಗ ಒಣಗಿದ್ದು, ಗಾಳಿ ಬೆಳಕು ಇರಬೇಕು ಎನ್ನುತ್ತವೆ 1971ರ ಕೀಟನಾಶಕ ನಿಯಮಗಳು. ‘ನಮ್ಮದೇನು ಅಂಗಡಿಯೇ?’ ಎನ್ನಬಹುದು. ವಿಷಕ್ಕೆ ಮನೆ, ಅಂಗಡಿ ಎಂಬ ಭೇದವಿಲ್ಲ ಮಾರಾಯ್ರೆ.

ನಾನು ಮಾಡಿದ್ದಿಷ್ಟು. ಮನೆ, ಕೊಟ್ಟಿಗೆ, ಬಾವಿ ಮೂರರಿಂದಲೂ ದೂರ, ಸೋರದ ಮಾಡಿನಡಿ ಒಂದು ಕಪಾಟು. ಬೀಗದ ಕೈ ಇಬ್ಬರು ದೊಡ್ಡವರ ಹತ್ತಿರ ಮಾತ್ರ. ಪುಡಿ ಮೇಲೆ, ದ್ರವ ಕೆಳಗೆ. ತುತ್ತು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೆ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು. ತಂದದ್ದು, ಬಳಸಿದ್ದು, ಉಳಿದದ್ದು ಬರೆಯಲು ಒಂದು ಪುಸ್ತಕ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಗೇ ಸೇರಿಸಿ, ಡಬ್ಬಿಗೆ ತೂತು ಹೊಡೆಯುತ್ತೇನೆ.

ಚೀಟಿಯಿಲ್ಲದ್ದು, ನಿಷೇಧವಾದದ್ದು ಇನ್ನೂ ನನ್ನ ಬೀಗದೊಳಗೇ ಇವೆ. ಹಳ್ಳಕ್ಕೆ ಸುರಿಯುವ ಹಾಗಿಲ್ಲ. ನಮ್ಮ ಹಳ್ಳಗಳೆಲ್ಲ ತುಂಗೆಗೋ ಭದ್ರೆಗೋ ಸೇರುವಂಥವು. ಸುಡುವಂತೆಯೂ ಇಲ್ಲ, ಹೂಳುವಂತೆಯೂ ಇಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು. ಉಳಿದ ಮಾಲು ಮಾತ್ರ ಗೋದಾಮುಗಳಲ್ಲೇ ಕೂತಿತು. ಪೀಪಾಯಿಗಳು ಸೋರತೊಡಗಿ, 2012ರಲ್ಲಿ ಹೊಸ ಪೀಪಾಯಿಗಳಿಗೆ ತುಂಬಬೇಕಾಯಿತು. ತರುವುದು ಸುಲಭ, ಕಳೆಯುವುದು ಕಷ್ಟ. ಹಾಗಾಗಿ ಈಗ ಆ ವರ್ಷಕ್ಕೆ ಬೇಕಾದಷ್ಟೇ ತರುತ್ತೇನೆ.

ಈ ಸಲದ ಮಳೆಗೆ ಮೊದಲು ನೀವೂ ಒಮ್ಮೆ ಅಟ್ಟ ಹತ್ತಿ ನೋಡಿ. ಹಳೇ ವಿಷವನ್ನು ಸರಿಯಾಗಿ ಕಳೆದ ಅನುಭವ ಇದ್ದವರು ದಯವಿಟ್ಟು ಬರೆಯಿರಿ.