ತೊಡೆಯಿಂದ ಹೊರಟ ಸುದ್ದಿ

ಒಂದು ಕಾಲು ಆರಾಮಾಗಿ ಕೂತಿದೆ. ಇನ್ನೊಂದು ಒದೀತಾನೇ ಇದೆ, ಬರೋಬ್ಬರಿ 5 ಗಂಟೆ!

2000ನೇ ಇಸವಿಯಲ್ಲಿ ಪ್ರಕಟವಾದ ಕೋಪನ್‌ಹೇಗನ್ ಪ್ರಯೋಗ ಇದು. ಎರಡೂ ತೊಡೆಗಳಿಂದ ವಾಪಸ್ ಬರೋ ರಕ್ತ ತೆಗೆದು ನೋಡಿದ್ರು. ಇಂಟರ್‌ಲ್ಯೂಕಿನ್-6 ಅನ್ನೋ ಪ್ರೋಟೀನು ದುಡಿದ ಕಾಲಿಂದ ಮಾತ್ರ ಹೊರಗೆ ಬರ್ತಿತ್ತು. ಅಂದ್ರೆ, ಭಾರ ಎತ್ತೋ ಸ್ನಾಯು ಗ್ರಂಥಿಯ ಕೆಲಸಾನೂ ಮಾಡುತ್ತೆ ಅಂತಾಯ್ತು. ಅಲ್ಲಿನ ವಿಜ್ಞಾನಿ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು ಇಂಥ ವಸ್ತುಗಳಿಗೆ ಮಯೋಕೈನ್ ಅಂತ ಹೆಸರಿಟ್ರು.

ಉರಿಯೂತದಲ್ಲೂ ಇದೇ ಪ್ರೋಟೀನು ಏರುತ್ತೆ, ಅದಕ್ಕೇ ಪಾಪ, ಕೆಟ್ಟ ಹೆಸರು. ಆದ್ರೆ ವ್ಯಾಯಾಮದಲ್ಲಿ ಸರ್ರನೆ ಏರಿ, ಆಮೇಲೆ ಇಳಿದುಬಿಡುತ್ತೆ. ಅಷ್ಟರೊಳಗೆ ಕೊಬ್ಬಿನ ಕೋಶಗಳಿಗೆ 'ಉಗ್ರಾಣದ ಬಾಗಿಲು ತೆಗೀರಿ' ಅಂತ ಹೇಳಿಬಂದಿರುತ್ತೆ.

ನನಗೆ ಮಜಾ ಅನ್ನಿಸಿದ್ದು 2019ರ ಇನ್ನೊಂದು ಅಧ್ಯಯನ. ಹೊಟ್ಟೆ ಬಂದವರ ಕೈಲಿ 12 ವಾರ ಸೈಕಲ್ ತುಳಿಸಿದ್ರು. ಹೊಟ್ಟೆಯೊಳಗಿನ ಕೊಬ್ಬು ಕರಗ್ತು. ಇನ್ನು ಕೆಲವರಿಗೆ ಈ ಪ್ರೋಟೀನಿನ ಕೆಲಸ ತಡೆಯೋ ಔಷಧಿ ಕೊಟ್ಟು ತುಳಿಸಿದ್ರು. ಬೆವರೇನೋ ಇಳೀತು, ಒಳಗಿನ ಕೊಬ್ಬು ಇಳೀಲಿಲ್ಲ!

ಹಾಗಂತ ಈ ಪ್ರೋಟೀನಿನ ಮಾತ್ರೆ ಹುಡುಕ್ಕೊಂಡು ಮೆಡಿಕಲ್ ಶಾಪಿಗೆ ಹೋಗ್ಬೇಡಿ. ರೀಲ್ ಮುಗೀತು, ಫೋನ್ ಕೆಳಗಿಡಿ, ಒಂದು ಸುತ್ತು ಬಿರಬಿರನೆ ನಡೆದು ಬನ್ನಿ.