ಬಾಗಿಲಿಗೆ ಮೂವರು ದೇವರು, ಹೊಲಕ್ಕೆ ಹನ್ನೆರಡು ಮಂದಿ

ಒಂದು ಬಾಗಿಲು ಕಾಯಲು ಎಷ್ಟು ದೇವರು ಬೇಕು? ಪ್ರಾಚೀನ ರೋಮನ್ನರ ಲೆಕ್ಕದಲ್ಲಿ ಮೂವರು! ಕದಕ್ಕೆ ಫೋರ್ಕುಲುಸ್, ಕದ ತಿರುಗುವ ಕೀಲಿಗೆ ಕಾರ್ಡಿಯಾ, ಹೊಸ್ತಿಲಿಗೆ ಲಿಮೆಂಟಿನುಸ್. ಇವರೆಲ್ಲರ ಮೇಲೆ ಜಗತ್ತಿನ ಸಕಲ ಬಾಗಿಲುಗಳ ಒಡೆಯ ಜಾನುಸ್ ಬೇರೆ. ಅವನಿಗೆ ಮುಖವೇ ಎರಡು.

ಹೊಲಕ್ಕೆ ಬಂದರೆ ಲೆಕ್ಕ ನಾಲ್ಕು ಪಟ್ಟಾಗುತ್ತದೆ. ಹಳಿಯಾಳದ ರೈತ ವರ್ಷವಿಡೀ ಮಾಡುವ ಕೆಲಸಗಳನ್ನೇ ನೆನೆಯಿರಿ. ಬೀಳು ನೆಲಕ್ಕೆ ಮೊದಲ ಉಳುಮೆ, ಎರಡನೆಯ ಉಳುಮೆ, ಸಾಲು ತೆಗೆಯುವುದು, ಬಿತ್ತುವುದು, ಬಿತ್ತಿದ ಮೇಲೆ ಮಣ್ಣು ಮುಚ್ಚುವುದು, ಹೆಂಟೆ ಒಡೆಯುವುದು, ಎಡೆ ಹೊಡೆಯುವುದು, ಕಳೆ ಕೀಳುವುದು, ಕೊಯ್ಯುವುದು, ಹೇರಿಕೊಂಡು ಬರುವುದು, ಕಣಜ ತುಂಬುವುದು, ಕೊನೆಗೆ ಕಣಜದಿಂದ ತೆಗೆಯುವುದು. ಒಟ್ಟು 12 ಕೆಲಸ, 12 ದೇವರು. ಧಾನ್ಯದೇವತೆ ಸೆರೆಸಳ ಪೂಜೆಗೆ ಕೂತ ಪುರೋಹಿತ ಅಷ್ಟೂ ಮಂದಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಬಿತ್ತನೆಗೆ ಇನ್ಸಿಟೋರ್, ಕೊಯ್ಲಿಗೆ ಮೆಸ್ಸೋರ್, ಕಣಜಕ್ಕೆ ಕೊಂಡಿಟೋರ್. ಗೊಬ್ಬರಕ್ಕೂ ಒಬ್ಬ ದೇವರಿದ್ದ, ಸ್ಟರ್ಕುಲಿನುಸ್. ಪೈರಿನ ತುಕ್ಕು ರೋಗಕ್ಕೆ ರೋಬಿಗುಸ್. ಅವನನ್ನು ಸಮಾಧಾನಪಡಿಸಲು ಪ್ರತಿ ಏಪ್ರಿಲ್ 25ರಂದು ಹಬ್ಬ. ತಿಪ್ಪೆಯಿಂದ ಕಣಜದವರೆಗೆ ದೇವರಿಲ್ಲದ ಒಂದು ಗೇಣು ಜಾಗ ಉಳಿದಿರಲಿಲ್ಲ.

ಇವರೆಲ್ಲ ಸಣ್ಣ ದೇವರು. ದೊಡ್ಡ ದೇವರ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ವಾರ್ರೋ ಎಂಬ ಮಹಾವಿದ್ವಾಂಸ ಜುಪಿಟರ್‌ಗಳೇ 300 ಎಂದು ಎಣಿಸಿದ್ದನಂತೆ. ದಿನಕ್ಕೊಬ್ಬ ಜುಪಿಟರನಿಗೆ ಕೈಮುಗಿಯುತ್ತ ಬಂದರೆ ಎಲ್ಲರನ್ನೂ ಮುಗಿಸಲು ಹತ್ತು ತಿಂಗಳು ಬೇಕು! ಮನುಷ್ಯರಿಗಿಂತ ದೇವರ ಜನಸಂಖ್ಯೆಯೇ ಹೆಚ್ಚಾಗುತ್ತದೆ ಎಂದು ರೋಮನ್ ಲೇಖಕ ಪ್ಲಿನಿ ಬರೆದ. ಮೂವತ್ಮೂರು ಕೋಟಿ ದೇವತೆಗಳ ನಾಡಿನವರಾದ ನಮಗೂ ಆ ಮಾತು ಹೊಸದೆನಿಸುವುದಿಲ್ಲ.

ಇಷ್ಟು ದೇವರಿಗೆ ಮನೆ ಬೇಕಲ್ಲ? ಕ್ರಿ.ಪೂ. 28ರಲ್ಲಿ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ರೋಮ್ ನಗರವೊಂದರಲ್ಲೇ 82 ದೇವಾಲಯಗಳ ಜೀರ್ಣೋದ್ಧಾರ ಮಾಡಿಸಿದ. ಹಾಗೆಂದು ತಾನೇ ಕೆತ್ತಿಸಿಟ್ಟಿದ್ದಾನೆ. ಒಂದು ವರ್ಷಕ್ಕೆ 82 ಎಂದರೆ ನಾಲ್ಕೂವರೆ ದಿನಕ್ಕೊಂದು ಗುಡಿ! ಒಂದು ಗುಡಿಯ ಜೀರ್ಣೋದ್ಧಾರಕ್ಕೆ ವರ್ಷಗಟ್ಟಲೆ ವಂತಿಗೆ ಎತ್ತುವ ಊರಿನವರಿಗೆ ಈ ವೇಗದ ಬೆಲೆ ಗೊತ್ತು. ಅವನ ಗೆಲುವುಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಲು ಸೆನೆಟ್ ಗೊತ್ತುಮಾಡಿದ ದಿನಗಳು ಒಟ್ಟು 890. ಸುಮಾರು ಎರಡೂವರೆ ವರ್ಷ ಪೂರ್ತಿ ಬರೀ ಕೃತಜ್ಞತೆ!

ಹಬ್ಬಗಳ ಲೆಕ್ಕ ಇನ್ನೂ ದೊಡ್ಡದು. ಕ್ರಿ.ಶ. 354ರ ಪಂಚಾಂಗವೊಂದು ಉಳಿದುಬಂದಿದೆ. ಅದರಲ್ಲಿ ಆಟೋಟ, ನಾಟಕ, ರಥಪಂದ್ಯಗಳಿಗೆ ಮೀಸಲಾದ ದಿನಗಳು 177. ಹೆಚ್ಚುಕಡಿಮೆ ದಿನ ಬಿಟ್ಟು ದಿನ ಜಾತ್ರೆ.

ವೆಸ್ತಾ ದೇವಿಯ ಅಗ್ನಿಯ ಆಯುಸ್ಸು ನೋಡಿ. ಅದನ್ನು ಕಾಯುತ್ತಿದ್ದವರು ಆರು ಕನ್ಯೆಯರು, ಒಬ್ಬೊಬ್ಬರ ಸೇವೆ 30 ವರ್ಷ: ಹತ್ತು ವರ್ಷ ಕಲಿಕೆ, ಹತ್ತು ವರ್ಷ ಪೂಜೆ, ಹತ್ತು ವರ್ಷ ಕಿರಿಯರಿಗೆ ಪಾಠ. ಪ್ರತಿ ಮಾರ್ಚ್ 1ರಂದು ಹೊಸದಾಗಿ ಹೊತ್ತಿಸುತ್ತಿದ್ದ ಆ ಬೆಂಕಿಯ ಪರಂಪರೆ ಸಾವಿರಕ್ಕೂ ಹೆಚ್ಚು ವರ್ಷ ನಡೆದು ಕ್ರಿ.ಶ. 394ರ ಸುಮಾರಿಗೆ ನಿಂತಿತು. ವಿಜಯನಗರ ಹುಟ್ಟಿದ್ದು 1336ರಲ್ಲಿ. ಅಲ್ಲಿಂದ ಇಂದಿನವರೆಗೆ ಎಣಿಸಿದರೂ 700 ವರ್ಷ ತುಂಬಿಲ್ಲ!

ಈಗ ಗಟ್ಟಿಯಾಗಿ ಕೂತುಕೊಳ್ಳಿ. ಕ್ರಿ.ಶ. 37ರಲ್ಲಿ ಕಲಿಗುಲ ಪಟ್ಟಕ್ಕೆ ಬಂದಾಗ ಜನ ಹಿಗ್ಗಿ ಮೂರು ತಿಂಗಳೊಳಗೆ 1,60,000ಕ್ಕೂ ಹೆಚ್ಚು ಪಶುಗಳನ್ನು ಬಲಿ ಕೊಟ್ಟರೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆಯುತ್ತಾನೆ. ದಿನಕ್ಕೆ ಸುಮಾರು 1,800. ಹಗಲು ರಾತ್ರಿ ಎನ್ನದೆ ಕಡಿದರೂ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು! ಒಂದೊಂದಕ್ಕೆ ಒಂದೂವರೆ ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ 240 ಕಿ.ಮೀ. ಆಗುತ್ತದೆ. ನಮ್ಮ ಕಾಳಿ ನದಿ ಹುಟ್ಟಿದಲ್ಲಿಂದ ಕಾರವಾರದ ಕಡಲು ಸೇರುವವರೆಗೆ ಹರಿಯುವುದೇ 184 ಕಿ.ಮೀ.; ದಂಡೆಯುದ್ದಕ್ಕೂ ನಿಲ್ಲಿಸಿದರೂ ಜಾಗ ಸಾಲದೆ 56 ಕಿ.ಮೀ. ಸಾಲು ಹೊರಗುಳಿಯುತ್ತದೆ.

ಕಲ್ಲಿನ ವಿಷಯಕ್ಕೆ ಬಂದರೆ ಇದೂ ಸಣ್ಣದು. ಇಂದಿನ ಲೆಬನಾನಿನ ಬಾಲ್ಬೆಕ್‌ನಲ್ಲಿ ಜುಪಿಟರನ ಗುಡಿಗೆ ಸುಮಾರು 20 ಮೀಟರ್ ಎತ್ತರದ 54 ಕಂಬಗಳಿದ್ದವು. ಅವುಗಳಲ್ಲಿ ಆರು ಈಗಲೂ ನಿಂತಿವೆ. ಬುನಾದಿಯ ಗೋಡೆಯಲ್ಲಿ ಕೂರಿಸಿದ ಮೂರು ಕಲ್ಲುಗಳು ತಲಾ ಸುಮಾರು 800 ಟನ್. ರಾಮನಗರದ ಮೇಲೆ ಗೋವಾ ಕಡೆ ಇಳಿಯುವ 10 ಟನ್ ಲಾರಿಗಳ ಲೆಕ್ಕದಲ್ಲಿ ಒಂದೇ ಕಲ್ಲಿಗೆ 80 ಲಾರಿ! ಅಲ್ಲಿಯ ಗಣಿಯಲ್ಲಿ 2014ರಲ್ಲಿ ಪತ್ತೆಯಾದ ಇನ್ನೊಂದು ಕಲ್ಲಿನ ತೂಕ ಸುಮಾರು 1,650 ಟನ್. ಮೈಸೂರು ದಸರೆಯ ಅಂಬಾರಿ 750 ಕೆ.ಜಿ.; ಅಂಥ 2,200 ಅಂಬಾರಿಗಳು ಸೇರಿದರೆ ಈ ಒಂದು ಕಲ್ಲು. ಅಂಬಾರಿಗೊಂದು ಆನೆ ಎಂದರೂ, 2023ರ ಗಣತಿಯಲ್ಲಿ ಕಂಡ ಕರ್ನಾಟಕದ 6,395 ಆನೆಗಳಲ್ಲಿ ಮೂರಕ್ಕೊಂದನ್ನು ಕರೆತರಬೇಕು! ಈ ಕಲ್ಲು ಮಾತ್ರ ಗಣಿ ಬಿಟ್ಟು ಕದಲಲೇ ಇಲ್ಲ.

ಕದಲಿದ್ದು ಅತಿ ಹಗುರವಾದದ್ದು. ಭಾರತದಲ್ಲಿ ಹೇರಳವಾಗಿ ಸಿಕ್ಕಿರುವ ತಿಬೇರಿಯಸ್‌ನ ಬೆಳ್ಳಿ ನಾಣ್ಯ ಬೆರಳ ತುದಿಯಗಲ, ನಾಲ್ಕು ಗ್ರಾಂ ಕೂಡ ಇಲ್ಲ. ಒಂದು ಬದಿಯಲ್ಲಿ ಚಕ್ರವರ್ತಿಯ ತಲೆ, ಸುತ್ತ ‘ದೈವಿಕ ಅಗಸ್ಟಸ್‌ನ ಮಗ’ ಎಂಬ ಬರಹ. ಇನ್ನೊಂದು ಬದಿಯಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕೂತ ಹೆಣ್ಣು; ಶಾಂತಿದೇವತೆಯ ರೂಪದ ರಾಜಮಾತೆ ಲಿವಿಯಾ ಇರಬೇಕೆಂದು ಹಲವರ ಅಭಿಪ್ರಾಯ. ಸುತ್ತ ‘ಮಹಾಪುರೋಹಿತ’ ಎಂಬ ಬಿರುದು. ನಾಲ್ಕು ಗ್ರಾಂನೊಳಗೆ ಒಬ್ಬ ದೇವಪುತ್ರ, ಒಬ್ಬ ದೇವಿ, ಒಂದು ಪೌರೋಹಿತ್ಯ! ಹೀಗೆ ಮಡಚಿಟ್ಟ ಧರ್ಮ ಏಳು ಸಾವಿರ ಕಿ.ಮೀ. ದಾಟಿತು. ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ರೋಮನ್ನರ ಹಳೆಯ ದಾರಿನಕ್ಷೆಯೊಂದರ ಪ್ರತಿಯಲ್ಲಿ ಕೇರಳ ಕರಾವಳಿಯ ಮುಜಿರಿಸ್ ಬಂದರಿನ ಪಕ್ಕದಲ್ಲಿ ಅಗಸ್ಟಸ್‌ನ ಗುಡಿಯನ್ನೇ ಬರೆದಿದ್ದಾರೆ.

ನಮಗೆ ಇನ್ನೂ ಹತ್ತಿರದ್ದು ಮುಂಡಗೋಡದ ಪಕ್ಕದ ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರು. ಅಲ್ಲಿ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ದೊರೆತಿವೆ. ಹೆಚ್ಚಿನವು ರೋಮ್ ಕ್ರೈಸ್ತವಾದ ಮೇಲಿನವು. ಆ ಕಾಲದ ಚಿನ್ನದ ನಾಣ್ಯಗಳಲ್ಲೂ ಹಳೆಯ ವಿಜಯದೇವತೆ ವಿಕ್ಟೋರಿಯಾ ರೆಕ್ಕೆ ಬಿಚ್ಚಿ ನಿಂತಿರುತ್ತಾಳೆ, ಕೈಗೆ ಶಿಲುಬೆ ಬಂದಿರುತ್ತದೆ, ಅಷ್ಟೇ. ಉಳುವಾಗಲೋ ಪಾಯ ತೋಡುವಾಗಲೋ ನಿಮ್ಮ ಕೈಗೆ ಅಂಥದೊಂದು ಬಿಲ್ಲೆ ಸಿಕ್ಕರೆ ಉಜ್ಜಬೇಡಿ, ಕರಗಿಸಬೇಡಿ; ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ. ನಿಧಿ ಕಾನೂನು ಹೇಳುವುದೂ ಅದನ್ನೇ.