ಕಲ್ಲುಕೊಡಲಿಗೆ ಕೊಟ್ಟ ಅಂಕಿ

ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹಿರೇಗುಡ್ಡ ಹತ್ತಿದವರ ಕಾಲಿಗೆ ಕರಿಕಲ್ಲಿನ ಚಕ್ಕೆಗಳು ತಗಲುತ್ತವೆ. ಗ್ರಾನೈಟನ್ನು ಸೀಳಿಕೊಂಡು ಹೋದ ಡಾಲರೈಟ್ ಪಟ್ಟಿಯಿಂದ ಕಲ್ಲು ಕಿತ್ತು ನವಶಿಲಾಯುಗದ ಜನ ಇಲ್ಲಿ ಕೊಡಲಿ ಮಾಡುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ನೆಲೆಯನ್ನು ಗುರುತಿಸಿದ್ದರು. ಪುರಾತತ್ವಜ್ಞರಾದ ಸುಬ್ಬರಾವ್, ಆಮೇಲೆ 1964–65ರಲ್ಲಿ ಅನ್ಸಾರಿ ಮತ್ತು ನಾಗರಾಜರಾವ್, ಈಚೆಗೆ ರವಿ ಕೋರಿಶೆಟ್ಟರ್ ಇಲ್ಲಿ ಕೆಲಸ ಮಾಡಿದರು.

ಸಂಶೋಧನಾ ವಿಧಾನದ ಪಾಠದಲ್ಲಿ ‘ಚಲಕ’ ಎಂಬ ಪದ ಬಂದರೆ ನಮ್ಮ ವಿದ್ಯಾರ್ಥಿಗಳು ಉರು ಹೊಡೆಯುತ್ತಾರೆ. ಅವರ ಕೈಗೆ ಇಲ್ಲಿನ ಒಂದು ಕೊಡಲಿ ಕೊಡಬೇಕು ಅನಿಸುತ್ತದೆ ನನಗೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವ ಅದರ ಪ್ರತಿ ಗುಣವೂ ಚಲಕವೇ. ಅಳತೆಯ ನಾಲ್ಕು ಮಟ್ಟಗಳನ್ನು 1946ರಲ್ಲಿ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ ವಿಂಗಡಿಸಿದರು, ನಾಲ್ಕೂ ಈ ಒಂದು ಕಲ್ಲಿನಲ್ಲಿವೆ.

ಕಲ್ಲಿನ ಜಾತಿ ಬರಿಯ ಹೆಸರು. ಡಾಲರೈಟಿಗೆ 1, ಗ್ರಾನೈಟಿಗೆ 2 ಎಂದು ಬರೆದರೂ ಅದು ಎಣಿಕೆಯಲ್ಲ, ಗುರುತು. ಕೆಲಸದ ಹಂತ ಹಾಗಲ್ಲ: ಒಡೆದ ತುಂಡು, ಚಕ್ಕೆ ಎಬ್ಬಿಸಿ ಆಕಾರ ಕೊಟ್ಟದ್ದು, ಕುಟ್ಟಿ ಸಮ ಮಾಡಿದ್ದು, ಉಜ್ಜಿ ನಯಗೊಳಿಸಿದ್ದು. ಇವಕ್ಕೆ 1ರಿಂದ 4 ಕೊಟ್ಟರೆ ಹಿಂದುಮುಂದು ತಿಳಿಯುತ್ತದೆ. ಆದರೆ ಉಜ್ಜುವ ಶ್ರಮ ಒಡೆಯುವ ಶ್ರಮದ ನಾಲ್ಕು ಪಟ್ಟು ಎನ್ನಲಾಗದು. ಕಂಪ್ಯೂಟರ್ ಮಾತ್ರ ಸರಾಸರಿ ಹಂತ 2.6 ಎಂದು ಕೊಟ್ಟುಬಿಡುತ್ತದೆ. ಅಂಥ ಹಂತದ ಕೊಡಲಿಯನ್ನು ಯಾರೂ ಮಾಡಿರಲಿಲ್ಲ.

ಕಾಲದ ಲೆಕ್ಕ ಇನ್ನೂ ಸೂಕ್ಷ್ಮ. ಕ್ರಿ.ಪೂ. 1700ಕ್ಕೂ 1400ಕ್ಕೂ ನಡುವೆ 300 ವರ್ಷ, ಅದು ಖಚಿತ ಅಂತರ. ಸೊನ್ನೆ ಮಾತ್ರ ನಾವು ಇಟ್ಟುಕೊಂಡದ್ದು. ಇಂಗಾಲದ ಕಾಲನಿರ್ಣಯದಲ್ಲಿ ‘ಇಂದು’ ಎಂದರೆ 1950. ತೂಕದ ಸೊನ್ನೆಗೆ ಯಾರ ಒಪ್ಪಿಗೆಯೂ ಬೇಡ. 400 ಗ್ರಾಂ ಕಲ್ಲು 200 ಗ್ರಾಮಿನದರ ಎರಡರಷ್ಟೇ.

ಈಗ ಒಂದು ಪ್ರಶ್ನೆ: ಕರಿಕಲ್ಲಿನ ಪಟ್ಟಿಯಿಂದ ದೂರ ಸರಿದಂತೆ ಚಕ್ಕೆಗಳ ತೂಕ ಇಳಿಯುತ್ತದೆಯೇ? ದೂರ ಸ್ವತಂತ್ರ ಚಲಕ, ತೂಕ ಅವಲಂಬಿತ ಚಲಕ. ಮೀಟರಿನಲ್ಲಿ, ಗ್ರಾಮಿನಲ್ಲಿ ಅಳೆದಿದ್ದರೆ ಎಷ್ಟು ದೂರಕ್ಕೆ ಎಷ್ಟು ಇಳಿಯಿತು ಎಂದು ಹೇಳಬಹುದು. ಬೇಕೆಂದಾಗ ‘ಹತ್ತಿರ’, ‘ದೂರ’ ಎಂದು ಗುಂಪು ಮಾಡಲೂಬಹುದು. ಅಗೆತದ ಟಿಪ್ಪಣಿ ಪುಸ್ತಕದಲ್ಲಿ ಬರೀ ‘ಹತ್ತಿರ’ ಎಂದಿದ್ದರೆ ಅದನ್ನು ಮೀಟರಿಗೆ ತಿರುಗಿಸಲು ಮತ್ತೆ ಗುಡ್ಡ ಹತ್ತಬೇಕು. ಅಷ್ಟರಲ್ಲಿ ಚಕ್ಕೆ ಸಿಕ್ಕ ಗುಂಡಿ ಅಗೆದು ಮುಗಿದಿರುತ್ತದೆ, ಚಕ್ಕೆ ಚೀಲ ಸೇರಿರುತ್ತದೆ.